ಹಲ್ಲಿನ ಬಿಳಿ ಮಚ್ಚೆಗೆ ಏನ್ ಹಚ್ಚೋದು? ಪೇಸ್ಟ್, ವಾರ್ನಿಷ್, ಮೂಸ್, ಐಕಾನ್ ಎಲ್ಲದರ ರಿವ್ಯೂ

ಮೊದ್ಲೇ ತೀರ್ಪು ಹೇಳಿಬಿಡ್ತೀನಿ, ಪೂರ್ತಿ ಓದೋಕೆ ಪುರುಸೊತ್ತಿಲ್ಲದೋರಿಗೆ ಇಷ್ಟು ಸಾಕು. ಹಲ್ಲು ತೂತಾಗೋಕೆ ಮುಂಚೆ ಬರೋ ಆ ಮಾಸಲು ಬಿಳಿ ಮಚ್ಚೆಗೆ ಮೊದಲ ಔಷಧಿ ಅಂದ್ರೆ ಸರಿಯಾಗಿ ಬಳಸಿದ ಫ್ಲೋರೈಡ್ ಪೇಸ್ಟು, ಅದರ ಜೊತೆಗೆ ಡೆಂಟಿಸ್ಟ್ ಹಚ್ಚೋ ಫ್ಲೋರೈಡ್ ವಾರ್ನಿಷ್ಷು. ಮಿಕ್ಕಿದ್ದೆಲ್ಲ ಇವೆರಡರ ಮೇಲೆ ಸೇರಿಸ್ಕೊಳ್ಳೋವಂಥವು. ಆ ಬಿಳುಪು ಕಣ್ಣಿಗೇ ಕಾಣಬಾರ್ದು ಅನ್ನೋದು ನಿಮ್ಮ ಚಿಂತೆ ಆದ್ರೆ ಅದು ಬೇರೆ ಕೆಲಸ, ಅದಕ್ಕೆ ಐಕಾನ್ ಅಂತ ಒಂದು ರೆಸಿನ್ (ಲೈಟ್ ಬಿಟ್ರೆ ಗಟ್ಟಿಯಾಗೋ ಪ್ಲಾಸ್ಟಿಕ್ ಥರದ ದ್ರವ) ಟ್ರೀಟ್‌ಮೆಂಟ್ ಇದೆ, ಕೆಳಗೆ ಬರ್ದಿದೀನಿ. ಹುಳುಕು ನಿಲ್ಲಿಸೋದು ಒಂದು, ಮಚ್ಚೆ ಅಳಿಸೋದು ಇನ್ನೊಂದು. ಇವೆರಡನ್ನ ಕಲಸಿಕೊಂಡಿರೋದ್ರಿಂದಾನೇ ಜನ ಟ್ಯೂಬ್ ಮೇಲೆ ಟ್ಯೂಬ್ ತಗೊಂಡು, ಕೆಲವು ವಾರ ಉಜ್ಜಿ, ಏನೂ ಆಗ್ಲಿಲ್ಲ ಅಂತ ಬಿಟ್ಟುಬಿಡ್ತಾರೆ, ಒಳಗೆ ಆಗಬೇಕಾದ್ದು ಆಗ್ತಾ ಇದ್ರೂ ಗೊತ್ತಾಗಲ್ಲ.

ನನಗೆ ಇದು ಶುರುವಾಗಿದ್ದು ಕ್ಲಿಪ್ ತೆಗೆಸಿದ ಮೇಲೆ. ಮೇಲಿನ ಬಾಚಿಹಲ್ಲುಗಳಲ್ಲಿ ಬ್ರಾಕೆಟ್ ಅಂಟಿಸಿದ್ದ ಜಾಗದ ಸುತ್ತ ಚೌಕಟ್ಟು ಬರೆದ ಹಾಗೆ ಬಿಳಿ ಗೆರೆ, ಜೊತೆಗೆ ಎಕ್ಸ್‌ರೇಲಿ ಎರಡು ದವಡೆ ಹಲ್ಲಿನ ಮಧ್ಯೆ ಒಂದು ಸಣ್ಣ ನೆರಳು. ಒಂದು ಕ್ಲಿನಿಕ್‌ನಲ್ಲಿ ಎಲ್ಲಾನೂ ಕೊರೆದು ಸಿಮೆಂಟ್ ಹಾಕಿಬಿಡೋಣ ಅಂದ್ರು. ಇನ್ನೊಬ್ರು ಡಾಕ್ಟ್ರು ಹಲ್ಲು ಒಣಗಿಸಿ, ಲೈಟ್ ಬಿಟ್ಟು ನೋಡಿ, ಎಲ್ಲೂ ತೂತಾಗಿಲ್ಲ, ಡ್ರಿಲ್ ಮುಟ್ಟೋದು ಬೇಡ, ಮಿನರಲ್ ವಾಪಸ್ ತುಂಬೋಕೆ ನೋಡೋಣ ಅಂದ್ರು. ಕೊರೆದ ಎನಾಮೆಲ್ (ಹಲ್ಲಿನ ಹೊರಗಿನ ಗಟ್ಟಿ ಪದರ) ಯಾವತ್ತೂ ವಾಪಸ್ ಬರಲ್ಲ, ಹಾಕಿದ ಫಿಲ್ಲಿಂಗ್ ಒಂದಲ್ಲ ಒಂದು ದಿನ ಬದಲಾಯಿಸ್ಬೇಕು, ಬದಲಾಯಿಸೋವಾಗೆಲ್ಲ ತೂತು ಇನ್ನೊಂಚೂರು ದೊಡ್ಡದಾಗತ್ತೆ. ಹಾಗಾಗಿ ಈ ಎರಡನೇ ದಾರಿ ಇದೆ ಅಂತ ಇನ್ನೂ ತುಂಬಾ ಜನಕ್ಕೆ ಗೊತ್ತಿಲ್ಲದೆ ಇರೋದು ನನಗೆ ನಿಜವಾಗ್ಲೂ ಸಂಕಟ ಆಗತ್ತೆ.

ಒಳಗೆ ಏನಾಗಿರತ್ತೆ ಅಂತ ಸ್ವಲ್ಪ ತಿಳ್ಕೊಂಡ್ರೆ ಯಾವ ಟ್ಯೂಬ್ ಯಾಕೆ ಅಂತ ತಾನಾಗೇ ಅರ್ಥ ಆಗತ್ತೆ. ಎನಾಮೆಲ್ ತೂಕದಲ್ಲಿ ಹೆಚ್ಚುಕಮ್ಮಿ 96% ಮಿನರಲ್ಲು, ಮುಖ್ಯವಾಗಿ ಹೈಡ್ರಾಕ್ಸಿಅಪಟೈಟ್ ಅನ್ನೋ ಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಳು. ಅದನ್ನ ಕಟ್ಟಿದ ಜೀವಕೋಶಗಳು ಹಲ್ಲು ಬಾಯೊಳಗೆ ಬರೋ ಹೊತ್ತಿಗೆ ಸತ್ತುಹೋಗಿರ್ತಾವೆ, ಅದಕ್ಕೇ ಮೂಳೆ ಮುರಿದ್ರೆ ಕೂಡ್ಕೊಳ್ಳೋ ಹಾಗೆ ಎನಾಮೆಲ್ ಹೊಸದಾಗಿ ಬೆಳೆಯಲ್ಲ. ಆದ್ರೆ ಹರಳು ಕರಗೋದು, ಕರಗಿದ ಜಾಗಕ್ಕೆ ಮಿನರಲ್ ಮತ್ತೆ ಬಂದು ಕೂರೋದು, ಇದು ದಿನಾ ಬಾಯಲ್ಲಿ ನಡೀತಾನೇ ಇರತ್ತೆ. ಸಕ್ಕರೆ ಸಿಕ್ಕಿದ ಕೆಲವೇ ನಿಮಿಷಕ್ಕೆ ಹಲ್ಲಿಗೆ ಅಂಟಿರೋ ಕೊಳೆಯ ಪದರ, ಅಂದ್ರೆ ಪ್ಲಾಕ್‌ನಲ್ಲಿರೋ ಬ್ಯಾಕ್ಟೀರಿಯಾ ಆಸಿಡ್ ಮಾಡತ್ತೆ, ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗೆ ಹೋದ್ರೆ ಹರಳು ಕರಗೋಕೆ ಶುರು, ಆಮೇಲೆ ಎಂಜಲು ಆ ಆಸಿಡ್‌ನ ತಣ್ಣಗೆ ಮಾಡಿ ಪಿಎಚ್ ವಾಪಸ್ ಮೇಲೆ ತರೋಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಎಂಜಲಲ್ಲೇ ಕ್ಯಾಲ್ಸಿಯಂ, ಫಾಸ್ಫೇಟ್ ಧಾರಾಳವಾಗಿ ಇರತ್ತೆ. ಆ ಒಂದು ಗಂಟೆ ಕೊಡದೆ ಮತ್ತೆ ಮತ್ತೆ ಸಿಹಿ ಹೋಗ್ತಾ ಇದ್ರೆ ಕರಗೋದೇ ಜಾಸ್ತಿ ಆಗಿ, ತುಂಬೋದು ಹಿಂದೆ ಬೀಳತ್ತೆ.

ಇದರಲ್ಲಿ ಒಂದು ವಿಚಿತ್ರ ಇದೆ. ಮೊದಲ ಹಂತದಲ್ಲಿ ಮಿನರಲ್ ಹೋಗೋದು ಮೇಲ್ಮೈ ಕೆಳಗಿಂದ, ಮೇಲಿನ ತೆಳು ಪದರ ಬಹುಪಾಲು ಗಟ್ಟಿಯಾಗೇ ಇರತ್ತೆ. ಮೇಲೆ ಗಾರೆ ನೆಟ್ಟಗಿದ್ದು ಒಳಗೆ ಇಟ್ಟಿಗೆ ಉದುರ್ತಿರೋ ಗೋಡೆ ಅಂದ್ಕೊಳ್ಳಿ. ಒಳಗಿನ ಸಣ್ಣ ಸಣ್ಣ ರಂಧ್ರಗಳಲ್ಲಿ ನೀರು ಅಥವಾ ಗಾಳಿ ತುಂಬಿಕೊಳ್ಳತ್ತೆ, ಎನಾಮೆಲ್‌ಗೆ ವಕ್ರೀಭವನ ಸೂಚ್ಯಂಕ (ಬೆಳಕನ್ನ ಎಷ್ಟು ಬಗ್ಗಿಸತ್ತೆ ಅನ್ನೋ ಅಳತೆ) 1.62, ನೀರಿಗೆ 1.33, ಗಾಳಿಗೆ 1. ಈ ವ್ಯತ್ಯಾಸದಿಂದ ಬೆಳಕು ಚದುರಿ ನಮಗೆ ಬಿಳಿಯಾಗಿ ಕಾಣತ್ತೆ. ಹಲ್ಲು ಒದ್ದೆ ಇದ್ದಾಗ ಕಾಣ್ದೆ ಗಾಳಿ ಬಿಟ್ಟು ಒಣಗಿಸಿದಾಗ ಮಾತ್ರ ಕಂಡ್ರೆ ಅದು ತುಂಬಾ ಆರಂಭದ್ದು, ಒದ್ದೆ ಇದ್ದಾಗ್ಲೂ ಕಂಡ್ರೆ ಸ್ವಲ್ಪ ಆಳಕ್ಕೆ ಹೋಗಿದೆ ಅಂತ. ಮೇಲಿನ ಪದರ ಕುಸಿದು ತೂತಾಯ್ತು ಅಂದ್ರೆ ಈ ರಿವ್ಯೂನಲ್ಲಿರೋ ಯಾವ ಪೇಸ್ಟೂ ಆ ತೂತನ್ನ ತುಂಬಿ ಹಳೇ ಆಕಾರಕ್ಕೆ ತರಲ್ಲ, ಇದನ್ನ ಮನಸ್ಸಲ್ಲಿಟ್ಕೊಂಡೇ ಮುಂದೆ ಓದಿ. ಹಾಗೇ ಚೂಪು ಪ್ರೋಬ್ ತಗೊಂಡು ಆ ಬಿಳಿ ಜಾಗಕ್ಕೆ ಜೋರಾಗಿ ಚುಚ್ಚಿ ನೋಡೋದೂ ಸರಿಯಲ್ಲ, ಉಳಿದಿರೋ ಆ ತೆಳು ಪದರಾನೇ ಮುರಿದುಹೋಗಬಹುದು. ಒಣಗಿಸಿ, ಬೆಳಕು ಬಿಟ್ಟು, ಎಕ್ಸ್‌ರೇ ತೆಗ್ದು ನೋಡೋ ಡಾಕ್ಟ್ರ ಹತ್ರ ಹೋಗಿ.

ಈಗ ಸಾಮಾನ್ಯ ಫ್ಲೋರೈಡ್ ಪೇಸ್ಟು. ಇದನ್ನ ಯಾರೂ ಟ್ರೀಟ್‌ಮೆಂಟ್ ಅಂತ ಲೆಕ್ಕಕ್ಕೇ ತಗೊಳಲ್ಲ, ಆದ್ರೆ ನನ್ನ ಪ್ರಕಾರ ಪಟ್ಟಿಯಲ್ಲಿ ಮೊದಲ ಸ್ಥಾನ ಇದಕ್ಕೇ. ಅರ್ಧ ಕರಗಿದ ಹರಳಿನ ಮೇಲೆ ಫ್ಲೋರೈಡ್ ಅಂಟ್ಕೊಂಡು ಎಂಜಲಲ್ಲಿರೋ ಕ್ಯಾಲ್ಸಿಯಂ, ಫಾಸ್ಫೇಟನ್ನ ತನ್ನ ಕಡೆ ಎಳ್ಕೊಳ್ಳತ್ತೆ, ಹಾಗೆ ಕೂತ ಹೊಸ ಪದರ ಫ್ಲೋರಅಪಟೈಟ್‌ಗೆ ಹತ್ತಿರದ್ದು, ಅದು ಕರಗೋಕೆ ಪಿಎಚ್ ಸುಮಾರು 4.5ರ ತನಕ ಇಳೀಬೇಕು. ಅಂದ್ರೆ ವಾಪಸ್ ಕೂತಿದ್ದು ಹಳೇದಕ್ಕಿಂತ ಗಟ್ಟಿ. ಇದಕ್ಕಿಂತ ಒಳ್ಳೆ ಡೀಲ್ ಏನ್ ಬೇಕು ಹೇಳಿ. ಟ್ಯೂಬ್ ಹಿಂದೆ ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಫ್ಲೋರೈಡ್ ಎಷ್ಟು ಭಾಗ ಅನ್ನೋ ಅಳತೆ) ನೋಡಿ, ದೊಡ್ಡೋರಿಗೆ 1000ದಿಂದ 1500ರ ಒಳಗೆ ಇರಬೇಕು, ಬಿಳಿ ಮಚ್ಚೆ ಇರೋರು 1450 ಹತ್ರ ಇರೋದನ್ನೇ ಹುಡುಕಿ ತಗೊಳ್ಳಿ. ಪೇಸ್ಟಲ್ಲಿ ಉಜ್ಜೋಕೆ ಹಾಕಿರೋದು ಕ್ಯಾಲ್ಸಿಯಂ ಕಾರ್ಬೊನೇಟ್ ಆದ್ರೆ ಫ್ಲೋರೈಡು ಸೋಡಿಯಂ ಮೊನೊಫ್ಲೋರೊಫಾಸ್ಫೇಟ್ ರೂಪದಲ್ಲಿ ಇರ್ಬೇಕು, ಯಾಕಂದ್ರೆ ಸೋಡಿಯಂ ಫ್ಲೋರೈಡ್ ಹಾಕಿದ್ರೆ ಅದು ಟ್ಯೂಬ್ ಒಳಗೇ ಕ್ಯಾಲ್ಸಿಯಂ ಜೊತೆ ಸೇರ್ಕೊಂಡು ಹಲ್ಲಿಗೆ ಉಪಯೋಗಕ್ಕೆ ಬಾರದ ಹಾಗಾಗತ್ತೆ. ಎಕ್ಸ್‌ಪೈರಿ ಡೇಟನ್ನೂ ನೋಡಿ, ತುಂಬಾ ಹಳೇ ಟ್ಯೂಬಲ್ಲಿ ಕೆಲಸಕ್ಕೆ ಬರೋ ಫ್ಲೋರೈಡ್ ಕಮ್ಮಿಯಾಗಿರತ್ತೆ.

ಪೇಸ್ಟ್ ಯಾವುದು ಅನ್ನೋದಕ್ಕಿಂತ ಹೇಗೆ ಬಳಸ್ತೀರಿ ಅನ್ನೋದು ಇಲ್ಲಿ ಜಾಸ್ತಿ ಲೆಕ್ಕಕ್ಕೆ ಬರತ್ತೆ. ಉಜ್ಜಿದ ಮೇಲೆ ಉಗುಳಿ ಸುಮ್ನಾಗಿಬಿಡಿ, ನೀರು ಹಾಕಿ ಬಾಯಿ ಮುಕ್ಕಳಿಸ್ಬೇಡಿ. ಇದು ಶುರುಲಿ ಎಲ್ಲರಿಗೂ ಹಿಂಸೆ ಅನ್ಸತ್ತೆ, ಬಾಯೆಲ್ಲ ಪೇಸ್ಟ್ ರುಚಿ, ಸ್ವಲ್ಪ ದಿನಕ್ಕೆ ಅಭ್ಯಾಸ ಆಗತ್ತೆ. ಮುಕ್ಕಳಿಸಿದ್ರೆ ದುಡ್ಡು ಕೊಟ್ಟು ತಂದ ಫ್ಲೋರೈಡು ನೀರಿನ ಜೊತೆ ಸಿಂಕ್‌ಗೆ ಹೋಯ್ತು ಅಷ್ಟೇ. ರಾತ್ರಿ ಉಜ್ಜೋದನ್ನ ಮಾತ್ರ ಯಾವ ಕಾರಣಕ್ಕೂ ತಪ್ಪಿಸ್ಬೇಡಿ, ನಿದ್ದೆಯಲ್ಲಿ ಎಂಜಲು ಸುರಿಯೋದು ತುಂಬಾ ಕಮ್ಮಿಯಾಗತ್ತೆ, ಕಾಯೋಕೆ ಯಾರೂ ಇರಲ್ಲ, ಆಗ ಹಲ್ಲಿನ ಮೇಲೆ ಉಳಿದಿರೋ ಫ್ಲೋರೈಡೇ ಗತಿ. ಫ್ಲೋರೈಡ್ ಮೌತ್‌ವಾಶ್ ಇದ್ರೆ ಅದನ್ನ ಬ್ರಶ್ ಆದ ತಕ್ಷಣ ಹಾಕ್ಬೇಡಿ, ದಿನಾ ಬಳಸೋ 0.05% ಸೋಡಿಯಂ ಫ್ಲೋರೈಡ್ ಮೌತ್‌ವಾಶಲ್ಲಿ ಇರೋದು ಸುಮಾರು 225 ಪಿಪಿಎಂ, ಪೇಸ್ಟಲ್ಲಿರೋ 1450ನ್ನ ತೊಳೆದು 225 ಬಿಟ್ಟಂಗಾಗತ್ತೆ. ಮಧ್ಯಾಹ್ನ ಬಳಸಿ, ಅದು ಒಳ್ಳೇದು. ಹೊಸ ಹೊಸ ಜಾಗದಲ್ಲಿ ಹುಳುಕು ಬರ್ತಾನೇ ಇದ್ರೆ, ಇಲ್ಲ ಬಾಯಿ ಒಣಗೋ ಸಮಸ್ಯೆ ಇದ್ರೆ 5000 ಪಿಪಿಎಂ ಪೇಸ್ಟ್ ಅಂತ ಇದೆ, ಡಾಕ್ಟ್ರು ಬರ್ಕೊಟ್ರೆ ಮಾತ್ರ ತಗೊಳ್ಳಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಮಕ್ಕಳ ವಿಷಯ ಬಂತಲ್ಲ, ಮೂರು ವರ್ಷದೊಳಗಿನ ಮಕ್ಕಳಿಗೆ ಅಕ್ಕಿಕಾಳಷ್ಟು ಪೇಸ್ಟು, ಮೂರರಿಂದ ಆರಕ್ಕೆ ಬಟಾಣಿ ಕಾಳಷ್ಟು, ಅದಕ್ಕಿಂತ ಜಾಸ್ತಿ ಬೇಡ. ಸುಮಾರು ಎಂಟು ವರ್ಷದ ತನಕ ಒಳಗೆ ಮುಂದಿನ ಹಲ್ಲುಗಳು ತಯಾರಾಗ್ತಾ ಇರ್ತಾವೆ, ಆ ವಯಸ್ಸಲ್ಲಿ ಫ್ಲೋರೈಡ್ ಜಾಸ್ತಿ ನುಂಗಿದ್ರೆ ಫ್ಲೋರೋಸಿಸ್ ಅಂತ ಬೇರೆ ಥರದ ಬಿಳಿ ಕಲೆ ಬರತ್ತೆ. ದೊಡ್ಡೋರೂ ಇದನ್ನ ತಿಳ್ಕೊಂಡಿರ್ಬೇಕು, ಎಲ್ಲಾ ಬಿಳಿ ಮಚ್ಚೆನೂ ಹುಳುಕಲ್ಲ. ಎಡ ಬಲ ಎರಡೂ ಕಡೆ ಒಂದೇ ಥರ, ಹಲ್ಲಿನ ತುಂಬ ಮಸುಕು ಗೆರೆಗಳಾಗಿ ಇದ್ರೆ ಅದು ಫ್ಲೋರೋಸಿಸ್ ಇರಬಹುದು. ಹುಳುಕಿನ ಮಚ್ಚೆ ಕೊಳೆ ನಿಲ್ಲೋ ಕಡೆ ಬರತ್ತೆ, ವಸಡಿನ ಅಂಚಲ್ಲಿ, ಬ್ರಾಕೆಟ್ ಸುತ್ತ, ಹಲ್ಲು ಹಲ್ಲಿನ ಸಂದಿಲಿ. ಫ್ಲೋರೋಸಿಸ್ ಕಲೆಗೆ ಇನ್ನಷ್ಟು ಫ್ಲೋರೈಡ್ ಹಚ್ಚಿ ಕೂತ್ರೆ ಏನೂ ಆಗಲ್ಲ, ಅದಕ್ಕೇ ಮೊದ್ಲು ತೋರಿಸಿ ಆಮೇಲೆ ಶಾಪಿಂಗ್ ಮಾಡಿ.

ವಾರ್ನಿಷ್. 5% ಸೋಡಿಯಂ ಫ್ಲೋರೈಡ್, ಅಂದ್ರೆ 22,600 ಪಿಪಿಎಂ, ನಂಬರ್ ಕೇಳಿ ಹೆದರ್ಕೊಬೇಡಿ, ಹಚ್ಚೋದು ಚೂರೇ ಚೂರು, ಹಲ್ಲಿಗೆ ಅಂಟ್ಕೊಂಡು ನಿಧಾನಕ್ಕೆ ಬಿಡುಗಡೆ ಆಗತ್ತೆ. ಡ್ಯೂರಾಫ್ಯಾಟ್ ಅನ್ನೋದು ಇದರಲ್ಲಿ ಹಳೇ ಹೆಸರು, 1960ರ ದಶಕದಿಂದ ಇದೆ. ಕುರ್ಚಿಲಿ ಕೂತು ಏಳೋಕೆ ಕೆಲವೇ ನಿಮಿಷ, ನೋವಿಲ್ಲ, ಇಂಜೆಕ್ಷನ್ ಇಲ್ಲ, ಸಣ್ಣ ಬ್ರಶ್ಶಲ್ಲಿ ಬಳಿತಾರೆ, ಎಂಜಲು ತಾಗಿದ್ರೆ ಗಟ್ಟಿಯಾಗತ್ತೆ. ಕೆಲವು ಬ್ರ್ಯಾಂಡಿನದ್ದು ಹಳದಿ ಕಾಣತ್ತೆ, ಆ ಒಂದು ದಿನ ಹಲ್ಲಿನ ಮೇಲೆ ಏನೋ ಜಿಗಿಜಿಗಿ ಅಂತ ನಾಲಿಗೆ ಅಲ್ಲೇ ಹೋಗ್ತಿರತ್ತೆ, ಅಷ್ಟೇ ಕಷ್ಟ. ಆ ದಿನ ಗಟ್ಟಿ ಪದಾರ್ಥ, ಬಿಸಿ ಬಿಸಿ ಕುಡಿಯೋದು ಬೇಡ, ಬ್ರಶ್ ಯಾವಾಗ ಮಾಡ್ಬೇಕು ಅಂತ ಅವರೇ ಹೇಳ್ತಾರೆ. ಎನಾಮೆಲ್ ಮೇಲೆ ಕ್ಯಾಲ್ಸಿಯಂ ಫ್ಲೋರೈಡ್ ಥರದ ಸಣ್ಣ ಕಣಗಳು ಕೂತ್ಕೊಳ್ತಾವೆ, ಮುಂದೆ ಆಸಿಡ್ ಬಂದಾಗ ಅವು ಕರಗಿ ಅಲ್ಲೇ ಫ್ಲೋರೈಡ್ ಬಿಡ್ತಾವೆ, ಬೇಕಾದ ಹೊತ್ತಲ್ಲಿ ಬೇಕಾದ ಜಾಗದಲ್ಲಿ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟ ಆದ ಸಂಗತಿ ಇದು.

ಆಧಾರಾನೂ ಗಟ್ಟಿ ಇದೆ. 2013ರ ಕಾಕ್ರೇನ್ ರಿವ್ಯೂ (ಹಲವು ಟ್ರಯಲ್ ಒಟ್ಟಿಗೆ ಸೇರಿಸಿ ತೂಗಿ ನೋಡೋ ವರದಿ) ಪ್ರಕಾರ ಮಕ್ಕಳಲ್ಲಿ ವಾರ್ನಿಷ್ ಹಚ್ಚಿದಾಗ ಶಾಶ್ವತ ಹಲ್ಲುಗಳಲ್ಲಿ ಹುಳುಕು ಸರಾಸರಿ 43% ಕಮ್ಮಿ, ಹಾಲುಹಲ್ಲುಗಳಲ್ಲಿ 37% ಕಮ್ಮಿ. ಅದು ಬರದಂಗೆ ತಡೆಯೋ ಲೆಕ್ಕ. ಬಂದಿರೋ ಬಿಳಿ ಮಚ್ಚೆ ಬಗ್ಗೆ ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2018ರಲ್ಲಿ ಒಂದು ಗೈಡ್‌ಲೈನ್ ಮಾಡ್ತು, ತೂತಾಗದ ಮಚ್ಚೆ ಹಲ್ಲಿನ ಮುಂಭಾಗದಲ್ಲಿದ್ರೆ 5% ವಾರ್ನಿಷ್ ಅಥವಾ 1.23% ಎಪಿಎಫ್ ಅನ್ನೋ ಫ್ಲೋರೈಡ್ ಜೆಲ್, ಅಗಿಯೋ ಮೇಲ್ಮೈಯಲ್ಲಿದ್ರೆ ಸೀಲಂಟ್ (ಹಲ್ಲಿನ ಗೀರು ಮುಚ್ಚೋ ತೆಳು ಲೇಪ) ಜೊತೆ ವಾರ್ನಿಷ್, ಸಂದಿಲಿದ್ರೆ ವಾರ್ನಿಷ್ ಅಥವಾ ಐಕಾನ್ ಥರದ ರೆಸಿನ್ ಇನ್‌ಫಿಲ್ಟ್ರೇಶನ್, ಹೀಗೆ ಜಾಗದ ಪ್ರಕಾರ ಹೇಳಿದಾರೆ. ವಾರ್ನಿಷ್ ಒಂದು ಸಲಕ್ಕೆ ಮುಗಿಯೋದಲ್ಲ, ಮೂರರಿಂದ ಆರು ತಿಂಗಳಿಗೊಮ್ಮೆ ಹಚ್ಚಿಸ್ತಾ ಇರ್ಬೇಕು. ಒಂದು ಎಚ್ಚರಿಕೆ, ತುಂಬಾ ವಾರ್ನಿಷ್‌ಗಳಲ್ಲಿ ಕೊಲೊಫೊನಿ ಅನ್ನೋ ಮರದ ರಾಳ ಇರತ್ತೆ, ಅದಕ್ಕೆ ಅಲರ್ಜಿ ಇದ್ರೆ ಅಥವಾ ಜೋರು ಅಸ್ತಮಾ ಇದ್ರೆ ಮೊದ್ಲೇ ಹೇಳಿ. ನನ್ನ ದವಡೆ ಹಲ್ಲಿನ ಮಧ್ಯದ ಆ ನೆರಳು ಆಮೇಲೆ ತೆಗೆದ ಎಕ್ಸ್‌ರೇಗಳಲ್ಲಿ ಬೆಳೆದಿಲ್ಲ, ಡ್ರಿಲ್ ಇಲ್ದೆ ಉಳ್ಕೊಂಡಿದೆ. ಫ್ಲಾಸ್ ದಿನಾ ಮಾಡಿದ್ದೂ ಇದರಲ್ಲಿ ಸೇರಿದೆ, ಕೊಳೆ ಕೂತೇ ಇದ್ರೆ ಮೇಲೆ ಏನು ಬಳಿದ್ರೂ ಅಷ್ಟಕ್ಕಷ್ಟೇ.

ಇನ್ನು ಎಲ್ಲರೂ ಕೇಳೋ ಟೂತ್ ಮೂಸ್ ಅನ್ನೋ ಹಲ್ಲಿಗೆ ಹಚ್ಚೋ ಕ್ರೀಮು. ಇದರೊಳಗಿರೋದು ಸಿಪಿಪಿ-ಎಸಿಪಿ, ರೀಕಾಲ್ಡೆಂಟ್ ಅಂತ ಹೆಸರು, ಆಸ್ಟ್ರೇಲಿಯಾದ ಮೆಲ್ಬರ್ನ್ ಯೂನಿವರ್ಸಿಟಿಲಿ ಎರಿಕ್ ರೆನಾಲ್ಡ್ಸ್ ಅವರ ತಂಡ ಕಂಡುಹಿಡಿದಿದ್ದು, ಜಿಸಿ ಕಂಪನಿ ಟೂತ್ ಮೂಸ್, ಎಂಐ ಪೇಸ್ಟ್ ಹೆಸರಲ್ಲಿ ಮಾರತ್ತೆ. ಐಡಿಯಾ ತುಂಬಾ ಚೆನ್ನಾಗಿದೆ. ಹರಳು ಕಟ್ಟೋಕೆ ಎರಡು ಫ್ಲೋರೈಡ್ ಅಯಾನಿಗೆ ಹತ್ತು ಕ್ಯಾಲ್ಸಿಯಂ, ಆರು ಫಾಸ್ಫೇಟ್ ಬೇಕು, ಬರೀ ಫ್ಲೋರೈಡ್ ಸುರಿದ್ರೆ ಆಗಲ್ಲ, ಕ್ಯಾಲ್ಸಿಯಂ ಫಾಸ್ಫೇಟೂ ಅಲ್ಲಿ ಸಿಗ್ಬೇಕು. ಆದ್ರೆ ಇವೆರಡನ್ನ ನೀರಲ್ಲಿ ಒಟ್ಟಿಗೆ ಹಾಕಿದ್ರೆ ಹೆಪ್ಪುಗಟ್ಟಿ ತಳಕ್ಕೆ ಕೂರತ್ತೆ. ಹಾಲಿನ ಪ್ರೋಟೀನ್ ಕೇಸಿನ್ನಿಂದ ಬರೋ ತುಣುಕುಗಳು ಅವನ್ನ ಹಿಡಿದಿಟ್ಕೊಂಡು ಕೂರಕ್ಕೆ ಬಿಡದೆ ಹಲ್ಲಿನ ತನಕ ತಗೊಂಡು ಹೋಗ್ತಾವೆ. ನಾನು ರಾತ್ರಿ ಬ್ರಶ್ ಆದ ಮೇಲೆ ಬೆರಳಲ್ಲಿ ಮಚ್ಚೆ ಮೇಲೆ ಹಚ್ಚಿ, ನಾಲಿಗೇಲಿ ಹರಡಿ, ಉಳಿದಿದ್ದು ಉಗುಳಿ ಮಲಗ್ತಾ ಇದ್ದೆ. ರುಚಿ ಚೆನ್ನಾಗಿದೆ, ಬಾಯಿ ಒಣಗಲ್ಲ, ಹಲ್ಲು ಜುಮ್ಮನ್ನೋದು ಕಮ್ಮಿಯಾಯ್ತು, ನಾಲಿಗೆಗೆ ಹಲ್ಲು ನುಣುಪಾಗಿ ತಾಗ್ತಿತ್ತು.

ಇಷ್ಟೆಲ್ಲ ಹೊಗಳಿದ ಮೇಲೂ ಮೊದಲ ಸ್ಥಾನ ಯಾಕೆ ಕೊಟ್ಟಿಲ್ಲ ಅಂದ್ರೆ, ಮೇಲೆ ಹೇಳಿದ 2018ರ ಗೈಡ್‌ಲೈನಲ್ಲೇ ಫ್ಲೋರೈಡ್, ಸೀಲಂಟ್, ರೆಸಿನ್ ಸಿಗೋ ಹಾಗಿದ್ರೆ 10% ಸಿಪಿಪಿ-ಎಸಿಪಿ ಪೇಸ್ಟನ್ನ ಬಳಸೋದು ಬೇಡ ಅಂತ ಸಲಹೆ ಕೊಟ್ಟಿದಾರೆ. ಲ್ಯಾಬಲ್ಲಿ ಒಳ್ಳೆ ರಿಸಲ್ಟ್ ಬಂದಿದ್ದು ಮನುಷ್ಯರ ಬಾಯಲ್ಲಿ ಫ್ಲೋರೈಡ್‌ಗಿಂತ ಜಾಸ್ತಿ ಅಂತ ಗಟ್ಟಿಯಾಗಿ ತೋರಿಸೋಕೆ ಆಗಿಲ್ಲ. ಹಾಗಾಗಿ ಫ್ಲೋರೈಡ್ ಪೇಸ್ಟ್ ಬಿಟ್ಟು ಇದೊಂದನ್ನೇ ಹಿಡ್ಕೊಳ್ಳೋದು ನನಗೆ ಸರಿ ಕಾಣಲ್ಲ. ಬಾಯಿ ಒಣಗೋರಿಗೆ, ಜುಮ್ಮನ್ನೋರಿಗೆ, ಕ್ಲಿಪ್ ಈಗಷ್ಟೇ ತೆಗೆಸಿದೋರಿಗೆ ಜೊತೆಗಿರಲಿ ಅಂತ ಖಂಡಿತ ಹೇಳ್ತೀನಿ. ಎಂಐ ಪೇಸ್ಟ್ ಪ್ಲಸ್ ಅನ್ನೋದ್ರಲ್ಲಿ 900 ಪಿಪಿಎಂ ಫ್ಲೋರೈಡೂ ಇದೆ. ಹಾಲಿನ ಪ್ರೋಟೀನ್ ಅಲರ್ಜಿ ಇದ್ರೆ ಎರಡೂ ಮುಟ್ಟಬೇಡಿ, ಇದು ಸುಮ್ನೆ ಹೇಳೋ ಮಾತಲ್ಲ, ನಿಜವಾಗ್ಲೂ ಅಪಾಯ.

ನ್ಯಾನೊ ಹೈಡ್ರಾಕ್ಸಿಅಪಟೈಟ್ ಪೇಸ್ಟುಗಳದ್ದೇ ಈಗ ಹವಾ. ಎನಾಮೆಲ್ ಯಾವುದರಿಂದ ಆಗಿದೆಯೋ ಅದೇ ಪದಾರ್ಥದ ಸೂಕ್ಷ್ಮ ಕಣಗಳು. ಜಪಾನಿನ ಸಾಂಗಿ ಕಂಪನಿ ಇದನ್ನ ಮೊದಲು ಪೇಸ್ಟಲ್ಲಿ ತಂದಿದ್ದು, 1993ರಲ್ಲಿ ಅಲ್ಲಿನ ಸರ್ಕಾರ ಹುಳುಕು ತಡೆಯೋ ಪದಾರ್ಥ ಅಂತ ಒಪ್ಕೊಂಡಿದೆ. 2023ರಲ್ಲಿ ಪ್ರಕಟವಾದ 18 ತಿಂಗಳ ಒಂದು ಟ್ರಯಲಲ್ಲಿ ದೊಡ್ಡೋರಲ್ಲಿ ಹುಳುಕು ತಡೆಯೋದ್ರಲ್ಲಿ ಹೈಡ್ರಾಕ್ಸಿಅಪಟೈಟ್ ಪೇಸ್ಟು ಫ್ಲೋರೈಡ್ ಪೇಸ್ಟಿಗೆ ಕಮ್ಮಿಯಿಲ್ಲ ಅಂತ ಬಂತು, ಅದು ಒಳ್ಳೆ ಸುದ್ದಿ. ಆದ್ರೆ ಫ್ಲೋರೈಡ್ ಬೆನ್ನಿಗೆ ದಶಕಗಳ ಟ್ರಯಲ್‌ಗಳಿವೆ, ಇದಕ್ಕೆ ಇನ್ನೂ ಅಷ್ಟಿಲ್ಲ. ಬಳಸೋಕೆ ಹಿತವಾಗಿದೆ, ಜುಮ್ಮನ್ನೋದು ಬೇಗ ಹೋಗತ್ತೆ, ಉಗುಳೋಕೆ ಬಾರದ ಮಗು ನುಂಗಿದ್ರೂ ಫ್ಲೋರೋಸಿಸ್ ಚಿಂತೆ ಇಲ್ಲ. ಯಾವುದೋ ಕಾರಣಕ್ಕೆ ಫ್ಲೋರೈಡ್ ಬೇಡವೇ ಬೇಡ ಅನ್ನೋರು ಬರೀ ಗಿಡಮೂಲಿಕೆ ಪೇಸ್ಟು, ಇದ್ದಿಲು ಪೇಸ್ಟು ಹಿಡ್ಕೊಳ್ಳೋ ಬದಲು ಇದನ್ನ ತಗೊಳ್ಳಿ ಅಂತ ಕೈಮುಗ್ದು ಕೇಳ್ತೀನಿ, ಅದರಲ್ಲೂ ಇದ್ದಿಲು ಮೆತ್ತಗಾದ ಎನಾಮೆಲನ್ನ ಉಜ್ಜಿ ಸವೆಸತ್ತೆ. ಒಂದೇ ಬೇಜಾರು ಏನಂದ್ರೆ ತುಂಬಾ ಟ್ಯೂಬ್‌ಗಳ ಮೇಲೆ ಎಷ್ಟು ಪರ್ಸೆಂಟ್ ಹೈಡ್ರಾಕ್ಸಿಅಪಟೈಟ್ ಇದೆ ಅಂತ ಬರೆದೇ ಇರಲ್ಲ. ಆ ಟ್ರಯಲಲ್ಲಿದ್ದಿದ್ದು 10%. ಪರ್ಸೆಂಟ್ ಬರೆಯದ ಟ್ಯೂಬನ್ನ ನಾನು ತಗೊಳಲ್ಲ.

ನೋವಾಮಿನ್, ಅಂದ್ರೆ ಬಯೋಆಕ್ಟಿವ್ ಗ್ಲಾಸ್. 1969ರಲ್ಲಿ ಫ್ಲೋರಿಡಾದಲ್ಲಿ ಲ್ಯಾರಿ ಹೆಂಚ್ ಮೂಳೆಗೆ ಅಂಟೋ ಗಾಜು ಅಂತ ಮಾಡಿದ್ದು, ಆಮೇಲೆ ಪುಡಿಯಾಗಿ ಪೇಸ್ಟಿಗೆ ಬಂತು. ಎಂಜಲು ತಾಗಿದ್ರೆ ಕ್ಯಾಲ್ಸಿಯಂ, ಫಾಸ್ಫೇಟ್ ಬಿಟ್ಟು ಹಲ್ಲಿನ ಮೇಲೆ ಪದರ ಕಟ್ಟತ್ತೆ. ಜುಮ್ಮನ್ನೋದಕ್ಕೆ ಒಳ್ಳೇದು, ಅದಕ್ಕೆ ಮಾತ್ರ ನಾನು ಶಿಫಾರಸು ಮಾಡೋದು. ಬಿಳಿ ಮಚ್ಚೆಗೆ ಅಂತಾನೇ ತಗೊಳ್ಳೋದಾದ್ರೆ ಅದರಲ್ಲಿ ಫ್ಲೋರೈಡೂ ಇದೆಯಾ ನೋಡಿ, ಸೆನ್ಸೊಡೈನ್ ರಿಪೇರ್ ಅಂಡ್ ಪ್ರೊಟೆಕ್ಟ್ ಅಂತ ಒಂದೇ ಹೆಸರಿದ್ರೂ ದೇಶದಿಂದ ದೇಶಕ್ಕೆ ಒಳಗಿರೋ ಪದಾರ್ಥ ಬೇರೆ, ಕೆಲವು ಕಡೆ ನೋವಾಮಿನ್ ಇರತ್ತೆ, ಕೆಲವು ಕಡೆ ಸ್ಟ್ಯಾನಸ್ ಫ್ಲೋರೈಡ್ ಇರತ್ತೆ.

ಕ್ಯೂರೊಡಾಂಟ್ ಬಗ್ಗೆ ನನಗೆ ಬಹಳ ಆಸೆ ಇದೆ. ಇಂಗ್ಲೆಂಡಿನ ಲೀಡ್ಸ್ ಯೂನಿವರ್ಸಿಟಿಲಿ ಹುಟ್ಟಿದ ಪಿ11-4 ಅನ್ನೋ ಪೆಪ್ಟೈಡ್, ಅಂದ್ರೆ ಪ್ರೋಟೀನಿನ ಥರದ ಸಣ್ಣ ಸರಪಳಿ. ಮಚ್ಚೆಯನ್ನ ಸ್ವಚ್ಛ ಮಾಡಿ, ಆಸಿಡ್ ಜೆಲ್ಲಿಂದ ಸ್ವಲ್ಪ ಹೊತ್ತು ಮೇಲ್ಮೈ ರಂಧ್ರಗಳನ್ನ ತೆರೆದು, ತೊಳೆದು, ಒಂದು ಹನಿ ಹಾಕಿ ಕೆಲವು ನಿಮಿಷ ಬಿಡ್ತಾರೆ. ದ್ರವ ಒಳಗಿಳಿದು ತಾನೇ ತಾನಾಗಿ ಎಳೆ ಎಳೆಯಾಗಿ ಜೋಡಿಸ್ಕೊಂಡು ಒಂದು ಹಂದರ ಕಟ್ಟತ್ತೆ, ಎಂಜಲಿನ ಕ್ಯಾಲ್ಸಿಯಂ, ಫಾಸ್ಫೇಟ್ ಬಂದು ಆ ಹಂದರದ ಮೇಲೆ ಹರಳಾಗತ್ತೆ. ಮಿಕ್ಕಿದ್ದೆಲ್ಲ ಮೇಲ್ಮೈಯಲ್ಲಿ ಮಿನರಲ್ ಕೂರಿಸಿದ್ರೆ ಇದು ಆಳದಲ್ಲಿ ಕೂರಿಸೋಕೆ ನೋಡತ್ತೆ, ಅದೇ ಇದರ ದೊಡ್ಡತನ. ಮಾಡಿರೋ ಟ್ರಯಲ್‌ಗಳು ಹೆಚ್ಚಿನವು ಸಣ್ಣವು. ಎಲ್ಲಾ ಕ್ಲಿನಿಕ್ಕಲ್ಲೂ ಸಿಗಲ್ಲ, ನಾನೂ ಇದನ್ನ ಹಾಕಿಸ್ಕೊಂಡಿಲ್ಲ, ಹಾಗಾಗಿ ಸ್ಟಾರ್ ಕೊಡೋಕೆ ಹೋಗಲ್ಲ. ಸಿಕ್ಕಿದ್ರೆ ವಾರ್ನಿಷ್ ಜೊತೆಗೇ ಮಾಡಿಸ್ಕೊಳ್ಳಿ, ಅದೊಂದನ್ನೇ ನಂಬಿ ಕೂರೋದು ಬೇಡ.

ಈಗ ಬಣ್ಣದ ಮಾತು. ಇದನ್ನ ನಿಧಾನಕ್ಕೆ ಓದಿ. ಮಿನರಲ್ ವಾಪಸ್ ಬರೋವಾಗ ಮೊದಲು ಗಟ್ಟಿಯಾಗೋದು ಮೇಲಿನ ಪದರ, ಅದು ಮುಚ್ಕೊಂಡಷ್ಟೂ ಆಳಕ್ಕೆ ಅಯಾನ್‌ಗಳು ಇಳಿಯೋದು ಕಷ್ಟ ಆಗತ್ತೆ. ಒಳಗೆ ಸ್ವಲ್ಪ ರಂಧ್ರ ಉಳಿಯತ್ತೆ, ಬಿಳುಪೂ ಉಳಿಯತ್ತೆ. ಕೆಲವು ಸಲ ಆ ರಂಧ್ರಗಳಿಗೆ ಬಣ್ಣ ಇಳಿದು ಕಂದು ಬಣ್ಣಕ್ಕೆ ತಿರುಗತ್ತೆ, ನೋಡಿದೋರು ಹುಳುಕು ಜಾಸ್ತಿಯಾಯ್ತು ಅಂತ ಗಾಬರಿ ಆಗ್ತಾರೆ, ಆದ್ರೆ ಅದು ನಿಂತುಹೋದ ಹುಳುಕಿನ ಗುರುತೂ ಆಗಿರಬಹುದು. ಹಾಗಾಗಿ ಗೆದ್ವಾ ಇಲ್ವಾ ಅಂತ ಬಣ್ಣದಲ್ಲಿ ನೋಡ್ಬೇಡಿ, ಹೊಳಪಲ್ಲಿ ನೋಡಿ. ಹುಳುಕು ನಡೀತಿರೋ ಮಚ್ಚೆ ಮಂಕಾಗಿ, ಒರಟಾಗಿ ಇರತ್ತೆ, ವಸಡಿನ ಪಕ್ಕ ಇದ್ರೆ ಅಲ್ಲಿ ವಸಡು ಊದಿ ರಕ್ತ ಬರ್ತಿರತ್ತೆ. ನಿಂತುಹೋದ ಮಚ್ಚೆ ನುಣುಪಾಗಿ, ಗಟ್ಟಿಯಾಗಿ, ಹೊಳೀತಾ ಇರತ್ತೆ. ನನ್ನ ಮಚ್ಚೆಗಳು ಮಂಕಿಂದ ಹೊಳಪಿಗೆ ಬಂದವು, ಸುತ್ತಳತೆ ಚಿಕ್ಕದಾಯ್ತು, ಬಿಳುಪು ಪೂರ್ತಿ ಹೋಗ್ಲಿಲ್ಲ. ಡಾಕ್ಟ್ರು ಅದನ್ನ ಗೆಲುವು ಅಂದ್ರು, ನಾನೂ ಒಪ್ತೀನಿ.

ಕ್ಲಿಪ್ ತೆಗೆಸಿದೋರಿಗೆ ಒಂದು ಮಾತು ಸೇರಿಸ್ತೀನಿ. ಬ್ರಾಕೆಟ್ ಹೋಗಿ ಕೊಳೆ ನಿಲ್ಲೋದು ತಪ್ಪಿದ ಮೇಲೆ ಮೊದಲ ಕೆಲವು ತಿಂಗಳಲ್ಲಿ ಎಂಜಲು ಮತ್ತೆ ಸಾಮಾನ್ಯ ಪೇಸ್ಟಿಂದಾನೇ ತುಂಬಾ ಮಚ್ಚೆಗಳು ಮಸುಕಾಗ್ತಾವೆ. ಎದುರಿಗೆ ಕಾಣೋ ಮುಂದಿನ ಹಲ್ಲಿನ ಮೇಲೆ ತಕ್ಷಣ ಸ್ಟ್ರಾಂಗ್ ಫ್ಲೋರೈಡ್ ಹಚ್ಚಿದ್ರೆ ಮೇಲ್ಪದರ ಬೇಗ ಮುಚ್ಕೊಂಡು ಬಿಳುಪು ಒಳಗೇ ಉಳಿಯತ್ತೆ ಅನ್ನೋ ಆತಂಕ ಕೆಲವು ಡೆಂಟಿಸ್ಟ್‌ಗಳಿಗೆ ಇದೆ, ಅದಕ್ಕೇ ಮುಂದಿನ ಹಲ್ಲಿಗೆ ಸ್ವಲ್ಪ ಕಾಯೋಣ, ದವಡೆಗೆ ಮಾತ್ರ ಈಗ ವಾರ್ನಿಷ್ ಅಂದ್ರೆ ಅವರು ತಿಳಿದೇ ಹೇಳ್ತಿದಾರೆ ಅಂದ್ಕೊಳ್ಳಿ, ಸೋಮಾರಿತನ ಅಲ್ಲ ಅದು.

ಕಾದೂ ಬಿಳುಪು ಹೋಗದಿದ್ರೆ ಆಗ ಐಕಾನ್. ಜರ್ಮನಿಯ ಡಿಎಂಜಿ ಕಂಪನಿದು, 2009ರಿಂದ ಇದೆ. ಇದು ಮಿನರಲ್ ತುಂಬೋ ಚಿಕಿತ್ಸೆನೇ ಅಲ್ಲ, ರಂಧ್ರಗಳಿಗೆ ತೆಳು ರೆಸಿನ್ ತುಂಬೋದು. ರಬ್ಬರ್ ಡ್ಯಾಮ್ (ಹಲ್ಲು ಮಾತ್ರ ಹೊರಗೆ ಕಾಣೋ ಹಾಗೆ ಹೊದಿಸೋ ರಬ್ಬರ್ ಹಾಳೆ) ಹಾಕಿ, 15% ಹೈಡ್ರೋಕ್ಲೋರಿಕ್ ಆಸಿಡ್ ಜೆಲ್ ಎರಡು ನಿಮಿಷ ಹಚ್ಚಿ ಆ ಮುಚ್ಕೊಂಡ ಮೇಲ್ಪದರ ತೆಗೀತಾರೆ, ಎಥೆನಾಲ್ ಹಾಕಿ ಒಣಗಿಸ್ತಾರೆ, ಆಮೇಲೆ ರೆಸಿನ್ ಹಾಕಿ ಮೂರು ನಿಮಿಷ ಬಿಟ್ಟು ಲೈಟಲ್ಲಿ ಗಟ್ಟಿ ಮಾಡ್ತಾರೆ, ಇನ್ನೊಂದು ಸಲ ರೆಸಿನ್ ಹಾಕಿ ಪಾಲಿಶ್. ರೆಸಿನ್‌ದು ವಕ್ರೀಭವನ ಸೂಚ್ಯಂಕ 1.5ರ ಆಸುಪಾಸು, ಎನಾಮೆಲ್‌ಗೆ ಹತ್ತಿರ, ಹಾಗಾಗಿ ಬೆಳಕು ಚದುರಲ್ಲ, ಬಿಳುಪು ಕಾಣಲ್ಲ. ನನಗೆ ಎದ್ದು ಕಾಣ್ತಿದ್ದ ಒಂದು ಹಲ್ಲಿಗೆ ಮಾತ್ರ ಮಾಡಿಸ್ದೆ, ಡ್ರಿಲ್ ಇಲ್ಲ, ನೋವಿಲ್ಲ, ಕುರ್ಚಿಯಿಂದ ಏಳೋ ಹೊತ್ತಿಗೆ ಬಿಳಿ ಗೆರೆ ಎಲ್ಲಿತ್ತು ಅಂತ ಹುಡುಕೋ ಹಾಗಾಗಿತ್ತು, ಕನ್ನಡಿ ನೋಡಿ ಖುಷಿಗೆ ಗಂಟಲು ಕಟ್ಕೊಳ್ತು. ಎಥೆನಾಲ್ ಹಾಕಿದಾಗ ಮಚ್ಚೆ ಮಸುಕಾದ್ರೆ ರೆಸಿನ್ ಹಾಕಿದಾಗ್ಲೂ ಹೋಗತ್ತೆ ಅಂತ ಅರ್ಥ, ಹೋಗದಿದ್ರೆ ಆಸಿಡ್ ಇನ್ನೊಂದು ಸಲ ಹಾಕ್ಬೇಕಾಗತ್ತೆ, ಆ ಹಂತದಲ್ಲಿ ಕನ್ನಡಿ ಕೊಡಿ ಅಂತ ಕೇಳಿ. ಆಳದ ಮಚ್ಚೆ ಪೂರ್ತಿ ಹೋಗದೇ ಇರಬಹುದು. ಹಲ್ಲು ಬ್ಲೀಚ್ ಮಾಡಿಸೋ ಆಸೆ ಇದ್ರೆ ಅದನ್ನ ಮೊದಲು ಮುಗಿಸಿ, ಸುಮಾರು ಎರಡು ವಾರ ಬಿಟ್ಟು ಐಕಾನ್ ಮಾಡಿಸಿ, ಬ್ಲೀಚಿನ ಆಕ್ಸಿಜನ್ ಹಲ್ಲಲ್ಲಿ ಉಳಿದಿದ್ರೆ ರೆಸಿನ್ ಸರಿಯಾಗಿ ಗಟ್ಟಿಯಾಗಲ್ಲ.

ಐಕಾನ್ ಒಮ್ಮೆ ಹಾಕಿದ ಜಾಗಕ್ಕೆ ಆಮೇಲೆ ಮಿನರಲ್ ಹೋಗಲ್ಲ, ಅಲ್ಲಿ ರೆಸಿನ್ ಕೂತಿದೆ, ತೆಗೆಯೋಕೂ ಬರಲ್ಲ. ಅದಕ್ಕೇ ಮೊದಲು ಮಿನರಲ್ಲಿಗೆ ಪೂರ್ತಿ ಅವಕಾಶ ಕೊಟ್ಟು ಆಮೇಲೆ ಇದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಸಂದಿಯಲ್ಲಿ ಹುಳುಕು ಬೆಳೀತಾನೇ ಇದೆ ಅಂತ ಎಕ್ಸ್‌ರೇಲಿ ಕಂಡ್ರೆ ಮಾತ್ರ ಕಾಯೋದು ಬೇಡ.

ಸಿಲ್ವರ್ ಡೈಅಮೈನ್ ಫ್ಲೋರೈಡ್ ಬಗ್ಗೆಯೂ ಜನ ಕೇಳ್ತಾರೆ, ಅದು 38% ದ್ರವ, ತೂತಾಗಿರೋ ಹುಳುಕನ್ನ ನಿಲ್ಲಿಸೋದ್ರಲ್ಲಿ ಜೋರು, ಆದ್ರೆ ಹುಳುಕಿನ ಜಾಗ ಕಪ್ಪಗಾಗತ್ತೆ, ಮುಂದಿನ ಹಲ್ಲಿನ ಬಿಳಿ ಮಚ್ಚೆಗೆ ಅಂತೂ ಬೇಡ. ಡ್ರಿಲ್ಲಿಗೆ ಕೂರೋಕೆ ಆಗದ ಸಣ್ಣ ಮಕ್ಕಳಿಗೆ, ವಯಸ್ಸಾದೋರಿಗೆ ಅದು ವರ. ಅಕ್ಕನ ಮಗಳಿಗೆ ಹೊಸದಾಗಿ ಬಂದ ದವಡೆ ಹಲ್ಲಿನ ಗೀರಲ್ಲಿ ಬಿಳಿ ಕಾಣ್ತಿದೆ ಅಂದಾಗ ಸೀಲಂಟ್ ಹಾಕಿಸಿದ್ರು, ಅಂಥ ಆಳದ ಗೀರಿಗೆ ಬ್ರಶ್ಶಿನ ಎಳೆ ಇಳಿಯೋದೇ ಇಲ್ಲ, ಅದೇ ಸರಿಯಾದ ಉಪಾಯ. ಸಕ್ಕರೆ ಇಲ್ಲದ ಕ್ಸೈಲಿಟಾಲ್ ಚೂಯಿಂಗ್ ಗಮ್ ಊಟ ಆದ ಮೇಲೆ ಅಗಿದ್ರೆ ಎಂಜಲು ಜಾಸ್ತಿ ಬರತ್ತೆ, ಸಣ್ಣ ಸಹಾಯ, ಆದ್ರೆ ಸಹಾಯಾನೇ.

ಸ್ಟಾರ್ ಕೇಳೋರಿಗೆ: ಫ್ಲೋರೈಡ್ ಪೇಸ್ಟ್ ಐದಕ್ಕೆ ಐದು, ವಾರ್ನಿಷ್ ಐದಕ್ಕೆ ಐದು, ಐಕಾನ್ ನೋಟದ ಕೆಲಸಕ್ಕೆ ನಾಲ್ಕೂವರೆ, ನ್ಯಾನೊ ಹೈಡ್ರಾಕ್ಸಿಅಪಟೈಟ್ ಪರ್ಸೆಂಟ್ ಬರೆದಿದ್ರೆ ನಾಲ್ಕು, ಟೂತ್ ಮೂಸ್ ಜೊತೆಗಾರನಾಗಿ ಮೂರೂವರೆ, ನೋವಾಮಿನ್ ಈ ಕೆಲಸಕ್ಕೆ ಮೂರು.

ಯಾವುದೇ ಶುರು ಮಾಡೋ ಮುಂಚೆ ಮಚ್ಚೆಯ ಫೋಟೋ ತೆಗೆಸಿ, ಒಂದೇ ಥರದ ಬೆಳಕಲ್ಲಿ, ಹಲ್ಲು ಒಣಗಿಸಿ, ಹಳೇ ಎಕ್ಸ್‌ರೇಗಳನ್ನೂ ಫೋನಲ್ಲಿ ಇಟ್ಕೊಳ್ಳಿ, ಹೋಲಿಸಿ ನೋಡೋಕೆ ಬೇರೆ ದಾರಿ ಇಲ್ಲ. ಐಕಾನ್ ಮಾಡಿಸಿದ್ರೆ ಯಾವ ಹಲ್ಲು, ಯಾವ ಬದಿ, ಯಾವ ತಾರೀಕು ಅಂತ ಬರೆಸಿ ತಗೊಳ್ಳಿ, ಯಾಕಂದ್ರೆ ಆ ರೆಸಿನ್ ಎಕ್ಸ್‌ರೇಲಿ ಕಾಣಲ್ಲ, ಸಂದಿಯಲ್ಲಿ ಹಳೇ ನೆರಳು ಹಾಗೇ ಇರತ್ತೆ, ನಾಳೆ ಬೇರೆ ಡಾಕ್ಟ್ರ ಹತ್ರ ಹೋದಾಗ ಅವರಿಗೆ ಅದು ಹೊಸ ಹುಳುಕು ಅಂತಾನೇ ಕಾಣತ್ತೆ, ಡ್ರಿಲ್ ಕೈಗೆತ್ಕೊಳ್ಳೋ ಮುಂಚೆ ಆ ಚೀಟಿ ತೋರಿಸಿ.